75 ಗಂಟೆಗಳ ತರಬೇತಿ: ವೆಚ್ಚ ಭರಿಸುವವರು ಯಾರು?

ಕೆಲಸ ಕಲಿಸಿದ ಮೇಲೆ ನೌಕರನು ಪಕ್ಕದ ಕಾರ್ಖಾನೆಗೆ ಹೊರಟುಹೋಗುತ್ತಾನೆಂಬ ದೂರು ನಮ್ಮ ಸಣ್ಣ ಉದ್ದಿಮೆದಾರರಲ್ಲಿ ಹೊಸದೇನಲ್ಲ. ಲೇತ್ ಯಂತ್ರದ ಮುಂದೆ ನಿಲ್ಲಿಸಿ ಕಲಿಸಿದವರು ಒಬ್ಬರು, ಫಲ ಉಂಡವರು ಇನ್ನೊಬ್ಬರು. ಈ ಅಂಜಿಕೆಯಿಂದಲೇ ಅನೇಕರು ತರಬೇತಿಗೆ ಹಣ ತೊಡಗಿಸಲು ಹಿಂಜರಿಯುತ್ತಾರೆ. ಇದೇ ತೊಡಕನ್ನು ಅಮೆರಿಕದ ಆರೋಗ್ಯ ಸೇವಾ ಕ್ಷೇತ್ರವು ಸಮುದಾಯ ಕಾಲೇಜುಗಳ ಅಲ್ಪಾವಧಿ ತರಬೇತಿಯ ಮೂಲಕ ಬಿಡಿಸಿಕೊಳ್ಳಲು ಯತ್ನಿಸಿರುವ ರೀತಿಯು ವಾಣಿಜ್ಯ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ.

ಸಮುದಾಯ ಕಾಲೇಜುಗಳೆಂದರೆ ಮುಖ್ಯವಾಗಿ ಎರಡು ವರ್ಷಗಳ ವ್ಯಾಸಂಗ ನೀಡುವ ಸ್ಥಳೀಯ ಸಾರ್ವಜನಿಕ ಕಾಲೇಜುಗಳು. ಇಲಿನಾಯ್ ರಾಜ್ಯದ ಜೋಲಿಯೆಟ್ ನಗರದಲ್ಲಿ 1901ರಲ್ಲಿ ಆರಂಭವಾದ ಕಾಲೇಜು ಇವುಗಳಲ್ಲಿ ಹಿರಿಯದು. ಎರಡು ವರ್ಷಗಳ ವ್ಯಾಸಂಗದೊಡನೆ, ಕೆಲವೇ ವಾರಗಳಲ್ಲಿ ಮುಗಿಯುವ ಉದ್ಯೋಗ ತರಬೇತಿಗಳನ್ನೂ ಇವು ನಡೆಸುತ್ತವೆ. ಶುಶ್ರೂಷಾ ಸಹಾಯಕರು, ರಕ್ತದ ಮಾದರಿ ತೆಗೆಯುವವರು, ಔಷಧಾಲಯದ ಸಹಾಯಕರು, ಆಂಬ್ಯುಲೆನ್ಸ್‌ನ ತುರ್ತು ಚಿಕಿತ್ಸಾ ತಂತ್ರಜ್ಞರು ಹೀಗೆ ತಯಾರಾಗುತ್ತಾರೆ.

ಇವರಲ್ಲಿ ಶುಶ್ರೂಷಾ ಸಹಾಯಕರ ವಿಷಯವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಅಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮ ಊರುಗಳ ಸಣ್ಣ ಖಾಸಗಿ ಆಸ್ಪತ್ರೆಯಲ್ಲ. ದೀರ್ಘಕಾಲದ ಆರೈಕೆ ಬೇಕಾದ ವೃದ್ಧರೂ ಅಶಕ್ತರೂ ವಾಸಿಸುವ ಗೃಹ. ಇಂತಹ ಗೃಹಗಳ ದುಃಸ್ಥಿತಿಯ ಬಗ್ಗೆ 1986ರಲ್ಲಿ ತಜ್ಞರ ವರದಿಯೊಂದು ಪ್ರಕಟವಾದ ನಂತರ, 1987ರಲ್ಲಿ ಅಮೆರಿಕ ಸಂಸತ್ತು ಕಾನೂನು ಮಾಡಿ, ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿಯನ್ನು ಕಡ್ಡಾಯಗೊಳಿಸಿತು. ಇದರಲ್ಲಿ ಕನಿಷ್ಠ 16 ಗಂಟೆ ಮೇಲ್ವಿಚಾರಣೆಯಲ್ಲಿ ನಡೆಯುವ ಪ್ರಾಯೋಗಿಕ ಅಭ್ಯಾಸವಾಗಿರಬೇಕು. ರಾಜ್ಯಗಳು ಈ ಮಿತಿಯನ್ನು ಹೆಚ್ಚಿಸಬಹುದು. ಕ್ಯಾಲಿಫೋರ್ನಿಯ 160 ಗಂಟೆ, ಮೇಯ್ನ್ 180 ಗಂಟೆ ವಿಧಿಸಿವೆ. ಬಳಿಕ ಬರಹದ ಅಥವಾ ಮೌಖಿಕ ಪರೀಕ್ಷೆ, ಮತ್ತು ಕೆಲಸವನ್ನು ಮಾಡಿ ತೋರಿಸುವ ಪರೀಕ್ಷೆ. ಉತ್ತೀರ್ಣರಾದವರ ಹೆಸರು ರಾಜ್ಯದ ದಾಖಲೆ ಪುಸ್ತಕಕ್ಕೆ ಸೇರುತ್ತದೆ. ಸತತ 24 ತಿಂಗಳು ವೇತನದ ಕೆಲಸ ಮಾಡದಿದ್ದರೆ ತರಬೇತಿಯನ್ನು ಮತ್ತೆ ಪಡೆಯಬೇಕಾಗುತ್ತದೆ.

ವೆಚ್ಚದ ನಿಯಮವೇ ನಮ್ಮ ವರ್ತಕರಿಗೆ ಕುತೂಹಲಕರ. ಗೃಹವು ಕೆಲಸಕ್ಕೆ ಸೇರಿಸಿಕೊಂಡ ಅಥವಾ ಕೆಲಸ ಕೊಡುವುದಾಗಿ ಒಪ್ಪಿದ ವ್ಯಕ್ತಿಯಿಂದ ತರಬೇತಿ ಶುಲ್ಕ ವಸೂಲು ಮಾಡುವಂತಿಲ್ಲ. ಸ್ವಂತ ಹಣದಿಂದ ಕಲಿತವರು 12 ತಿಂಗಳೊಳಗೆ ಇಂತಹ ಗೃಹದಲ್ಲಿ ಉದ್ಯೋಗ ಪಡೆದರೆ, ದುಡಿದ ಅವಧಿಗೆ ಅನುಸಾರವಾಗಿ ಆ ಹಣವನ್ನು ಹಿಂದಿರುಗಿಸುವ ಏರ್ಪಾಡನ್ನು ರಾಜ್ಯ ಸರ್ಕಾರ ಮಾಡಬೇಕು. ಅಂದರೆ ಯಾರೋ ಒಬ್ಬ ಮಾಲೀಕನ ತಲೆಯ ಮೇಲೆ ಇಡೀ ಹೊರೆ ಬೀಳುವುದಿಲ್ಲ. ಗಂಭೀರ ಲೋಪಕ್ಕಾಗಿ ದೊಡ್ಡ ದಂಡ ತೆತ್ತ ಗೃಹವು ಎರಡು ವರ್ಷ ತನ್ನಲ್ಲಿ ತರಬೇತಿ ನಡೆಸುವ ಅರ್ಹತೆಯನ್ನು ಕಳೆದುಕೊಳ್ಳುತ್ತದೆ. ಆಗ ಹತ್ತಿರದ ಸಮುದಾಯ ಕಾಲೇಜೇ ಅದಕ್ಕೆ ಆಸರೆ.

ವರ್ಜೀನಿಯ ರಾಜ್ಯವು 2016ರಲ್ಲಿ ಇನ್ನೂ ಜಾಣತನದ ಲೆಕ್ಕ ಹಾಕಿತು. ಅಲ್ಲಿನ ಅಲ್ಪಾವಧಿ ಯೋಜನೆಯಲ್ಲಿ ವಿದ್ಯಾರ್ಥಿಯು ಮೊದಲು ಶುಲ್ಕದ ಮೂರನೆಯ ಒಂದು ಭಾಗವನ್ನು ಮಾತ್ರ ಕಟ್ಟುತ್ತಾನೆ. ತರಬೇತಿ ಮುಗಿಸಿದಾಗ ಇನ್ನೊಂದು ಭಾಗವನ್ನು, ಪ್ರಮಾಣಪತ್ರ ಗಳಿಸಿದಾಗ ಉಳಿದ ಭಾಗವನ್ನು ಸರ್ಕಾರ ಕಾಲೇಜಿಗೆ ಪಾವತಿ ಮಾಡುತ್ತದೆ. ಅರ್ಧಕ್ಕೆ ಬಿಟ್ಟವನು ಎರಡನೆಯ ಭಾಗವನ್ನೂ ತಾನೇ ತೆರಬೇಕು. ಸರಕು ತಲುಪಿದ ಮೇಲೆ ಹಣ ಎಂಬ ವ್ಯಾಪಾರದ ನಿಯಮವನ್ನು ಶಿಕ್ಷಣಕ್ಕೆ ಅನ್ವಯಿಸಿದಂತಾಯಿತು.

ಕೇಂದ್ರ ಸರ್ಕಾರವೂ ಇದೇ ದಾರಿ ಹಿಡಿದಿದೆ. ಬಡ ವಿದ್ಯಾರ್ಥಿಗಳಿಗೆ ದೊರೆಯುವ ಪೆಲ್ ಅನುದಾನವನ್ನು 8ರಿಂದ 15 ವಾರಗಳ ತರಬೇತಿಗಳಿಗೆ ವಿಸ್ತರಿಸುವ ಕಾನೂನಿಗೆ 2025ರ ಜುಲೈ 4ರಂದು ಅಂಕಿತ ಬಿದ್ದಿತು. ಜಾರಿಯ ದಿನಾಂಕವನ್ನು 2026ರ ಜುಲೈ 1 ಎಂದು ಗೊತ್ತುಪಡಿಸಲಾಯಿತು. ಕಲಿಯುವವರಲ್ಲಿ ಶೇಕಡ 70 ಮಂದಿ ಮುಗಿಸಬೇಕು, ಮುಗಿಸಿದವರಲ್ಲಿ ಶೇಕಡ 70 ಮಂದಿಗೆ ಉದ್ಯೋಗ ದೊರೆಯಬೇಕು ಎಂಬುದು ಷರತ್ತು. ಆದರೆ ತರಬೇತಿಯು ಕನಿಷ್ಠ 150 ಗಂಟೆಗಳದ್ದಾಗಿರಬೇಕು. ಪರಿಣಾಮವಾಗಿ 75 ಗಂಟೆಗಳಲ್ಲಿ ಸಹಾಯಕರನ್ನು ತಯಾರಿಸುವ ಕಾಲೇಜಿಗೆ ಈ ನೆರವಿಲ್ಲ! ಅನುದಾನಕ್ಕಾಗಿ ಪಾಠವನ್ನು ಹಿಗ್ಗಿಸುವ ಪ್ರಲೋಭನೆ ಕಾಲೇಜುಗಳಿಗೆ ಉಂಟಾದರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಇದ್ದರೂ ಸಹಾಯಕರ ಕೊರತೆ ನೀಗಿಲ್ಲ. ವಾರ್ಷಿಕ ಸಂಬಳ ಸರಾಸರಿ 40 ಸಾವಿರ ಡಾಲರ್‌ಗಳ ಆಸುಪಾಸಿನಲ್ಲಿದೆ. ಅಲ್ಲಿನ ಜೀವನವೆಚ್ಚಕ್ಕೆ ಇದು ಅಲ್ಪ. ರೋಗಿಯನ್ನು ಎತ್ತಿ ಮಲಗಿಸುವ ಕೆಲಸದಿಂದ ಬೆನ್ನು ನೋವು ತಪ್ಪಿದ್ದಲ್ಲ. ಅದೇ ಕಾಲೇಜಿನಲ್ಲಿ ಎರಡು ವರ್ಷ ಓದಿ ನೋಂದಾಯಿತ ದಾದಿಯಾಗುವ ಮಾರ್ಗವಿದೆಯಾದರೂ, ಸಂಸಾರ ತೂಗಿಸುತ್ತ ಆ ಮೆಟ್ಟಿಲು ಹತ್ತುವುದು ಸುಲಭವಲ್ಲ. ತರಬೇತಿಯ ಕೊರತೆಯನ್ನು ಕಾಲೇಜು ನೀಗಿಸಬಲ್ಲುದು, ಸಂಬಳದ ಕೊರತೆಯನ್ನಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ನಮ್ಮಲ್ಲಿಯೂ ಪುದುಚೇರಿ ವಿಶ್ವವಿದ್ಯಾಲಯವು 1995ರಲ್ಲಿಯೇ ಸಮುದಾಯ ಕಾಲೇಜನ್ನು ತೆರೆದಿತ್ತು. ಸಾಮಾನ್ಯ ಕರ್ತವ್ಯ ಸಹಾಯಕ ಎಂಬ ಹೆಸರಿನಲ್ಲಿ ಇದೇ ಬಗೆಯ ಅಲ್ಪಾವಧಿ ತರಬೇತಿ ಭಾರತದಲ್ಲಿಯೂ ಉಂಟು. 2019ರಲ್ಲಿ ತಿದ್ದುಪಡಿಯಾದ ಶಿಶಿಕ್ಷು ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ನೌಕರರುಳ್ಳ ಸಂಸ್ಥೆಗಳು ಶೇಕಡ 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. 4ರಿಂದ 29 ನೌಕರರುಳ್ಳ ಸಂಸ್ಥೆಗಳಿಗೆ ಇದು ಐಚ್ಛಿಕ. ನಮ್ಮ ಸದಸ್ಯರಲ್ಲಿ ಬಹುಮಂದಿ ಈ ಎರಡನೆಯ ವರ್ಗಕ್ಕೇ ಸೇರಿದವರು.