ಕಣ್ಣಿಗೆ ಕಟ್ಟಿದ ಸಂತೆ

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವನು ಆಸ್ಪತ್ರೆಯಿಂದ ಮನೆಗೆ ಬಂದ ಅನ್ನಿ. ಮಾತು, ನಡಿಗೆ ಸರಿಯಿದೆ, ನೆಂಟರ ಹೆಸರೂ ನೆನಪಿದೆ. ಆದರೆ ಸಂತೆಬಾಚಹಳ್ಳಿಗೆ ಹೋಗಿ ಯೂರಿಯಾ ವಿಚಾರಿಸಿ, ಪಾಸ್‌ಬುಕ್ ಎಂಟ್ರಿ ಮಾಡಿಸಿ, ಬರುವಾಗ ಸೊಪ್ಪು ತಾ ಎಂದರೆ ಸೊಪ್ಪೊಂದನ್ನೇ ಹಿಡಿದು ವಾಪಸಾಗುತ್ತಾನೆ. ಮನೆಯವರು ಮೈಗಳ್ಳತನ ಎನ್ನುತ್ತಾರೆ. ನಿಜವಾದ ಕಾರಣ ಹಣೆಯ ಹಿಂದಿನ ಫ್ರಾಂಟಲ್ ಲೋಬ್‌ನಲ್ಲಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಅಂಗಡಿ ಮುಚ್ಚಿದ್ದರೆ ಏನು ಮಾಡಬೇಕು ಎಂದು ಲೆಕ್ಕ ಹಾಕುವ ಜಾಗ ಅದು.

ಕೋಣೆಯೊಳಗಿನ ಪರೀಕ್ಷೆಗಳಲ್ಲಿ ಈ ಕೊರತೆ ಎಷ್ಟೋ ಸಲ ಸಿಕ್ಕಿಬೀಳುವುದಿಲ್ಲ. 1991ರಲ್ಲಿ ಟಿಮ್ ಶಾಲಿಸ್ ಮತ್ತು ಪಾಲ್ ಬರ್ಜೆಸ್ ಇಂಥ ಮೂವರನ್ನು ಮಾಡಬೇಕಾದ ಕೆಲಸಗಳ ಚೀಟಿ ಕೊಟ್ಟು ಅಂಗಡಿ ಬೀದಿಗೇ ಕಳಿಸಿದರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದವರು ಬೀದಿಯಲ್ಲಿ ಎಡವಿದರು.

ವರ್ಚುವಲ್ ರಿಯಾಲಿಟಿ ಆ ಬೀದಿಯನ್ನು ಕೋಣೆಗೆ ತರುತ್ತದೆ. ಹೆಡ್‌ಸೆಟ್ ಎರಡು ಕಣ್ಣಿಗೂ ತುಸು ಬೇರೆ ಬೇರೆ ಚಿತ್ರ ತೋರಿಸುತ್ತದೆ. ಮಿದುಳು ಎರಡನ್ನೂ ಬೆಸೆದು ಆಳ ಕಾಣುತ್ತದೆ. ತಲೆ ತಿರುಗಿಸಿದ್ದನ್ನು ಸೆನ್ಸರ್ ಹಿಡಿದು ಚಿತ್ರವನ್ನೂ ತಿರುಗಿಸಬೇಕು, ಅದೂ ಸುಮಾರು 20 ಮಿಲಿಸೆಕೆಂಡಿನೊಳಗೆ. ತಡವಾದರೆ ಹೊಟ್ಟೆ ತೊಳಸುತ್ತದೆ. ತರಬೇತಿ ಕೊಡುವವರು ಇಲ್ಲಿ ಜನಜಂಗುಳಿ ಕಡಿಮೆ ಮಾಡಬಹುದು, ಗದ್ದಲ ಹೆಚ್ಚಿಸಬಹುದು, ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿ ತಪ್ಪು ಎಣಿಸಬಹುದು. ಲಾರಿಗೆ ಸಿಕ್ಕುವ ಭಯವಂತೂ ಇಲ್ಲ.

ಹಾಗಂತ ಇದು ಮಂತ್ರದಂಡವಲ್ಲ. ಪಾರ್ಶ್ವವಾಯು ರೋಗಿಗಳ ಮೇಲಿನ 72 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2017ರ ಕಾಕ್ರೇನ್ ಪರಿಶೀಲನೆಯಲ್ಲಿ, ಕೈಯ ಚಲನೆಗೆ ಇದು ಮಾಮೂಲಿ ಚಿಕಿತ್ಸೆಗಿಂತ ಮೇಲೆಂದು ಕಂಡುಬರಲಿಲ್ಲ; ಮಾಮೂಲಿ ಚಿಕಿತ್ಸೆಯ ಜೊತೆಗೆ ಸೇರಿಸಿದಾಗ ಉಪಯೋಗ ಕಂಡಿತು. ಅರಿವಿನ ವಿಷಯದಲ್ಲಿ ತೀರ್ಪು ಹೇಳುವಷ್ಟು ಪುರಾವೆಯೇ ಇರಲಿಲ್ಲ.

ಹೆಡ್‌ಸೆಟ್ ಇಲ್ಲದೆಯೂ ಅಭ್ಯಾಸ ಮಾಡಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವಿಜ್ಞಾನಿಗಳು ಅರಿವಿನ ಮರುತರಬೇತಿಗೆ ಬಳಸಿದ ಸಾಧನವೊಂದು ನಮ್ಮ ಅಡುಗೆಮನೆಯಲ್ಲೇ ಇದೆ. ಬೆರೆಸಿದ ಕಾಳುಗಳನ್ನು ಜಾತಿವಾರು ಬೇರೆ ಮಾಡಿಸುವುದು. ಗಮನ ತಪ್ಪಿದರೆ ಹೆಸರುಕಾಳಿನ ರಾಶಿಯಲ್ಲಿ ಅಲಸಂದೆ ಕೂತಿರುತ್ತದೆ. ತಪ್ಪು ಕಣ್ಣೆದುರೇ ಕಾಣುತ್ತದೆ. ಹಾಳೆ ತುಂಬ ಇರುವ ಅಕ್ಷರಗಳಲ್ಲಿ ಹೇಳಿದ ಅಕ್ಷರಕ್ಕಷ್ಟೇ ಗೀಟು ಹಾಕಿಸುವುದು ಇನ್ನೊಂದು.

ಮತ್ತೆ ಹೆಡ್‌ಸೆಟ್‌ಗೆ ಬಂದರೆ, ಅದಕ್ಕೆ ಸಿದ್ಧಪಡಿಸಿದ ಅಂಗಡಿಗಳು ಬಹುಪಾಲು ಟ್ರಾಲಿ ತಳ್ಳುವ ಸೂಪರ್‌ಮಾರ್ಕೆಟ್‌ಗಳು. ಕೆ.ಆರ್.ಪೇಟೆ ಕಡೆಯ ರೈತನಿಗೆ ಬೇಕಾದದ್ದು ಚೌಕಾಸಿಗೆ ಬಗ್ಗುವ, ಚಿಲ್ಲರೆ ಕೊಡಲು ಮರೆತಂತೆ ನಟಿಸುವ ಕನ್ನಡದ ಸಂತೆ. ಅದನ್ನು ಮಾಡಬಲ್ಲ ಎಂಜಿನಿಯರುಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ತಲೆಪೆಟ್ಟಿನ ನಂತರ ಮನೆಯವರ ಸ್ವಭಾವ, ಕೆಲಸದ ಹದ ಬದಲಾಗಿದ್ದರೆ ಬೈಯುವ ಮುನ್ನ ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿ. ಫಿಟ್ಸ್ ಬರುವವರಿಗೆ ವೈದ್ಯರನ್ನು ಕೇಳದೆ ಹೆಡ್‌ಸೆಟ್ ಹಾಕಬೇಡಿ.