ಆರು ತಿಂಗಳ ಅರ್ಜಿ, ಹತ್ತು ವರ್ಷದ ಕಾಯುವಿಕೆ

ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ ಭದ್ರಾವತಿಯ ನ್ಯೂಟೌನಿನಲ್ಲಾಗಲಿ ಒಂದು ಮದುವೆಮನೆಗೆ ಹೋಗಿ ಊಟಕ್ಕೆ ಕುಳಿತರೆ, ಪಂಕ್ತಿಯಲ್ಲಿ ಒಬ್ಬರಾದರೂ ಇಂಥವರು ಸಿಗುತ್ತಾರೆ. ಮಗ ಇಂಗ್ಲೆಂಡಿನಲ್ಲಿದ್ದಾನೆ. ‘ಅಲ್ಲಿಯವನೇ ಆಗಿಬಿಟ್ಟನೇನು?’ ಎಂದು ಪಕ್ಕದವರು ಕೇಳುತ್ತಾರೆ. ‘ಅರ್ಜಿ ಹಾಕಬೇಕಂತೆ, ಕಾಯ್ತಾ ಇದ್ದಾನೆ’ ಎಂಬುದು ಉತ್ತರ. ಎಷ್ಟು ದಿನ ಕಾಯಬೇಕು, ಸಿಕ್ಕಿದ ಮೇಲೆ ಇಲ್ಲಿಯದು ಏನೇನು ಕಳೆದುಹೋಗುತ್ತದೆ ಎಂದು ಕೇಳಿದರೆ ಮಾತು ನಿಧಾನವಾಗಿ ಅಡಿಕೆ ಧಾರಣೆಯ ಕಡೆಗೆ ಹೊರಳುತ್ತದೆ. ಮಗ ಹೇಳಿರುವುದಿಲ್ಲ, ಇವರು ಕೇಳಿರುವುದಿಲ್ಲ.

ಒಂದು ಕಾಲಕ್ಕೆ ಭದ್ರಾವತಿಯ ಹುಡುಗರಿಗೆ ಊರು ಬಿಡುವ ದರ್ದೇ ಇರಲಿಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿತ್ತು, ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಅಪ್ಪ ಹೋದ ಗೇಟಿನಲ್ಲೇ ಮಗನೂ ಹೋಗಬಹುದಿತ್ತು. ಮೈಸೂರು ಪೇಪರ್ ಮಿಲ್ಸ್ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿಯಬೇಕಾಯಿತು. ಇಂಥ ಊರಿನ ಮನೆಗಳಲ್ಲಿ, ಬಿ.ಇ. ಮುಗಿಸಿದ ಮಗಳಿಗೆ ಬ್ಯಾಂಕಿನಲ್ಲಿ ಸಾಲ ತೆಗೆದು ಒಂದು ವರ್ಷದ ಎಂ.ಎಸ್ಸಿ.ಗೆ ಬ್ರಿಟನ್ನಿಗೆ ಕಳಿಸುವುದು ಹುಚ್ಚಲ್ಲ, ಲೆಕ್ಕಾಚಾರ. ಆದರೆ ಆ ಲೆಕ್ಕ ಬಹಳ ಸಲ ಅರ್ಧಕ್ಕೇ ನಿಂತಿರುತ್ತದೆ.

ಪೂರ್ತಿ ಲೆಕ್ಕ ಹೀಗಿದೆ. ಹುಡುಗಿಗೆ 22 ವರ್ಷ ಎಂದಿಟ್ಟುಕೊಳ್ಳಿ. ಓದು ಒಂದು ವರ್ಷ. ಓದಿದ ಮೇಲೆ ಕೆಲಸ ಹುಡುಕಲು ಕೊಡುವ ಪದವೀಧರ ವೀಸಾ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಇದು 18 ತಿಂಗಳಿಗೆ ಇಳಿಯುತ್ತದೆ. ಆಮೇಲೆ ಕಂಪನಿಯೊಂದು ಪ್ರಾಯೋಜಿಸಿದರೆ ನುರಿತ ಕೆಲಸಗಾರರ ವೀಸಾ. ಬಹುಕಾಲದಿಂದ ನಡೆದುಬಂದ ನಿಯಮದ ಪ್ರಕಾರ ಅದರಲ್ಲಿ ಐದು ವರ್ಷ ಕಳೆದರೆ ಖಾಯಂ ವಾಸದ ಅನುಮತಿ. ಅದು ಕೈಗೆ ಬಂದು 12 ತಿಂಗಳಾದ ಮೇಲೆ ಪೌರತ್ವದ ಅರ್ಜಿ. ಆ ಅರ್ಜಿಗೆ ಉತ್ತರ ಬರಲು ಸಾಮಾನ್ಯವಾಗಿ ಆರು ತಿಂಗಳೊಳಗೆ. ಎಲ್ಲ ಕೂಡಿಸಿದರೆ ಒಂಬತ್ತೂವರೆ ವರ್ಷ. ಹುಡುಗಿಗೆ 32 ತುಂಬುವ ಹೊತ್ತು. ಕಳಿಸುವಾಗ 52ರಲ್ಲಿದ್ದ ತಂದೆ ಸರ್ಕಾರಿ ನೌಕರರಾಗಿದ್ದರೆ ನಿವೃತ್ತರಾಗಿ ವರ್ಷ ಕಳೆದಿರುತ್ತದೆ.

ವಿಮಾನ ಇಳಿದ ದಿನದಿಂದಲೇ ಐದು ವರ್ಷ ಎಣಿಸುವವರು ಬಹಳ. ಹಾಗಲ್ಲ. ಓದಿನ ವರ್ಷವಾಗಲಿ ಪದವೀಧರ ವೀಸಾದ ವರ್ಷಗಳಾಗಲಿ ಈ ಐದರ ಲೆಕ್ಕಕ್ಕೆ ಸೇರುವುದಿಲ್ಲ. ಓದು ಮುಗಿದ ಕೂಡಲೇ ಪ್ರಾಯೋಜಿಸುವ ಕಂಪನಿ ಸಿಕ್ಕವರಿಗೆ ಎರಡು ವರ್ಷ ಉಳಿತಾಯ. ಸಿಗುವುದು ಮೊದಲಿನಷ್ಟು ಸುಲಭವಲ್ಲ. 2025ರ ಜುಲೈ 22ರಿಂದ ಪದವಿ ಮಟ್ಟದ ಹುದ್ದೆಗಳಿಗಷ್ಟೇ ಹೊಸ ಪ್ರಾಯೋಜನೆ ಎಂದಾಯಿತು. ವಾರ್ಷಿಕ ಸಂಬಳ ಸಾಮಾನ್ಯವಾಗಿ 41,700 ಪೌಂಡ್‌ಗೆ ಕಡಿಮೆ ಇರಬಾರದು, ಹೊಸ ಪದವೀಧರರಿಗೆ ಸ್ವಲ್ಪ ರಿಯಾಯಿತಿ ಉಂಟು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಖಾಯಂ ವಾಸಕ್ಕೆ ಬೇಕಾದ ಐದು ವರ್ಷವನ್ನು ಸಾಮಾನ್ಯವಾಗಿ ಹತ್ತಕ್ಕೆ ಏರಿಸುವ ಉದ್ದೇಶವನ್ನು ಬ್ರಿಟಿಷ್ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಪ್ರಕಟಿಸಿತು. ನವೆಂಬರಿನಲ್ಲಿ ವಿವರಗಳನ್ನು ಮುಂದಿಟ್ಟು ಜನರ ಅಭಿಪ್ರಾಯ ಕೇಳಿತು. ಹೆಚ್ಚು ಸಂಬಳದವರಿಗೆ ಅವಧಿ ಕಡಿಮೆ, ಸರ್ಕಾರದ ಸಹಾಯಧನ ಪಡೆದವರಿಗೆ ಹೆಚ್ಚು ಎಂಬುದು ಅದರ ಧಾಟಿ. ಈಗಾಗಲೇ ಅಲ್ಲಿದ್ದು ಖಾಯಂ ಅನುಮತಿ ಸಿಗದವರನ್ನೂ ಇದರೊಳಗೆ ತರುವುದು ಪ್ರಸ್ತಾವದಲ್ಲಿತ್ತು. ನಾಲ್ಕು ವರ್ಷ ದುಡಿದು ಐದನೆಯದಕ್ಕೆ ಬೆರಳು ಮಡಚುತ್ತಿದ್ದವರ ನಿದ್ದೆ ಕೆಟ್ಟದ್ದು ಈ ಒಂದು ಸಾಲಿನಿಂದ. ಹೊರಡುವ ದಿನದ ನಿಯಮವೇ ಅರ್ಜಿ ಹಾಕುವ ದಿನವೂ ಇರುತ್ತದೆಂಬ ಭರವಸೆಯನ್ನು ಏಜೆಂಟರು ಕೊಡಬಹುದು, ಬ್ರಿಟಿಷ್ ಸರ್ಕಾರವಂತೂ ಕೊಟ್ಟಿಲ್ಲ.

ಚಿಕ್ಕಪ್ಪನ ಕಾಲ, ಅಜ್ಜನ ಕಾಲ

‘ನಮ್ಮ ಚಿಕ್ಕಪ್ಪ ಹೋದ ವರ್ಷಕ್ಕೇ ಅಲ್ಲಿಯ ಪಾಸ್‌ಪೋರ್ಟ್ ತಗೊಂಡರಲ್ಲ’ ಎನ್ನುವವರೂ ಇದ್ದಾರೆ. ಅದು ಸುಳ್ಳಲ್ಲ. 1948ರ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆಯ ಪ್ರಕಾರ ಕಾಮನ್‌ವೆಲ್ತ್ ದೇಶದವರು ಅಲ್ಲಿ ಒಂದು ವರ್ಷ ನೆಲೆಸಿದ್ದರೆ ನೋಂದಾಯಿಸಿಕೊಳ್ಳಬಹುದಿತ್ತು. 1962ರ ಕಾಯ್ದೆ ಅದನ್ನು ಐದು ವರ್ಷಕ್ಕೆ ಏರಿಸಿತು. 1981ರಲ್ಲಿ ಬಂದ ಹೊಸ ಕಾಯ್ದೆ 1983ರ ಜನವರಿ 1ರಂದು ಜಾರಿಯಾಗಿ ಎಲ್ಲವನ್ನೂ ಬದಲಿಸಿತು. ಆಗ ಹೋದ ಡಾಕ್ಟರುಗಳ ಅನುಭವ ದೊಡ್ಡದೇ, ಆದರೆ ಅದರಿಂದ ಇಂದಿನ ಅರ್ಜಿ ತುಂಬಲು ಬರುವುದಿಲ್ಲ.

‘ಅಜ್ಜ ಬ್ರಿಟಿಷರ ಕಾಲದಲ್ಲಿ ಹುಟ್ಟಿದವರು, ಅದರಿಂದೇನಾದರೂ ಹಕ್ಕು ಬರುತ್ತದೆಯೇ’ ಎಂಬುದು ಇನ್ನೊಂದು ಪ್ರಶ್ನೆ. ಬರುವುದಿಲ್ಲ. ಶಿವಮೊಗ್ಗದವರ ಮಟ್ಟಿಗೆ ಇನ್ನೂ ಒಂದು ಸ್ವಾರಸ್ಯವಿದೆ. ಧಾರವಾಡ, ಬಳ್ಳಾರಿ, ಮಂಗಳೂರಿನವರು ಬ್ರಿಟಿಷ್ ಇಂಡಿಯಾದ ಪ್ರಜೆಗಳಾಗಿದ್ದರು. ಶಿವಮೊಗ್ಗ, ಭದ್ರಾವತಿಯ ಅಜ್ಜಂದಿರು ಮೈಸೂರು ಮಹಾರಾಜರ ಪ್ರಜೆಗಳು. ಬ್ರಿಟಿಷ್ ಕಾನೂನಿನ ಕಣ್ಣಲ್ಲಿ ಅವರು ‘ಬ್ರಿಟಿಷ್ ರಕ್ಷಣೆಯಲ್ಲಿರುವ ವ್ಯಕ್ತಿ’ಗಳೇ ಹೊರತು ಬ್ರಿಟಿಷ್ ಪ್ರಜೆಗಳೇ ಅಲ್ಲ. ಪೂರ್ವಜರ ಹೆಸರಿನಲ್ಲಿ ಕೊಡುವ ವೀಸಾಕ್ಕೆ ಬ್ರಿಟನ್ನಿನಲ್ಲಿ ಹುಟ್ಟಿದ ಅಜ್ಜನೋ ಅಜ್ಜಿಯೋ ಇರಬೇಕು.

ದಿನ ಎಣಿಸುವ ಪುಸ್ತಕ

ಪೌರತ್ವಕ್ಕೆ ಅರ್ಜಿ ಹಾಕುವವರು ಹಿಂದಿನ ಐದು ವರ್ಷಗಳಲ್ಲಿ ಒಟ್ಟು 450 ದಿನಕ್ಕಿಂತ ಹೆಚ್ಚು ಬ್ರಿಟನ್ನಿನ ಹೊರಗೆ ಇದ್ದಿರಬಾರದು. ಅದರಲ್ಲೂ ಕೊನೆಯ 12 ತಿಂಗಳಲ್ಲಿ 90 ದಿನ ಮೀರಬಾರದು. ಅರ್ಜಿ ಸೇರುವ ದಿನಕ್ಕೆ ಸರಿಯಾಗಿ ಐದು ವರ್ಷದ ಹಿಂದೆ ಅವರು ಆ ದೇಶದ ನೆಲದ ಮೇಲೆ ಇದ್ದಿರಬೇಕು. ಖಾಯಂ ವಾಸದ ಹಂತದಲ್ಲಿ ಯಾವುದೇ 12 ತಿಂಗಳಲ್ಲಿ 180 ದಿನದ ಮಿತಿ. ಹೊರಡುವ ದಿನ, ಮರಳುವ ದಿನ ಗೈರುಹಾಜರಿಗೆ ಸೇರುವುದಿಲ್ಲ, ಅಷ್ಟು ಸಮಾಧಾನ. ಮಿತಿಯನ್ನು ಸ್ವಲ್ಪ ದಾಟಿದವರನ್ನು ಮನ್ನಿಸುವ ಅಧಿಕಾರ ಅಧಿಕಾರಿಗಳಿಗೆ ಇದೆ, ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಕಾಗದದ ಮೇಲೆ 450 ದೊಡ್ಡ ಸಂಖ್ಯೆಯೇ. ಆದರೆ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು, ಮಗ ರಜೆ ಹಾಕಿ ಎರಡು ತಿಂಗಳು ಬಂದ. ತಂಗಿಯ ಮದುವೆಗೆ ಮತ್ತೆ ಒಂದು ತಿಂಗಳು. ಹೀಗೆ ಕೊನೆಯ ವರ್ಷದ 90 ಮುಗಿದೇಹೋಯಿತು. ಅಷ್ಟರಲ್ಲಿ ತಾಯಿ ಜಾರಿ ಬಿದ್ದರೆ, ಬರುವುದೋ ಅರ್ಜಿಯನ್ನು ಮುಂದೂಡುವುದೋ ಎಂದು ಅವನು ಕ್ಯಾಲೆಂಡರ್ ನೋಡುತ್ತಾನೆ. ‘ಮಗ ಕಲ್ಲಾಗಿಬಿಟ್ಟ’ ಎಂದು ಊರಿನವರು ಆಡಿಕೊಳ್ಳುವ ಕೆಲವು ಪ್ರಸಂಗಗಳ ಹಿಂದೆ ಇಂಥ ಕ್ಯಾಲೆಂಡರ್ ಇರಬಹುದು. ಹೋಗಿಬಂದ ದಿನಾಂಕಗಳನ್ನು ಮೊದಲ ಪ್ರಯಾಣದಿಂದಲೇ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಲು ಮಕ್ಕಳಿಗೆ ಹೇಳುವುದು ಒಳ್ಳೆಯದು. ಐದು ವರ್ಷವಾದ ಮೇಲೆ ಅಳಿಸಿಹೋದ ಮುದ್ರೆಗಳಲ್ಲಿ ತಡಕಾಡುವುದು ಬಹಳ ಕಷ್ಟದ ಕೆಲಸ.

ಇನ್ನು ಹೆಸರಿನ ಪಾಡು. ನಮ್ಮಲ್ಲಿ ಮನೆತನದ ಹೆಸರಿಲ್ಲದವರೇ ಹೆಚ್ಚು, ಇನಿಷಿಯಲ್ಲುಗಳೇ ಎಲ್ಲ. ಎಸ್ ಎಂದರೆ ಶಿವಮೊಗ್ಗ, ಆರ್ ಎಂದರೆ ತಂದೆಯ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದದ್ದು. ಕೊನೆಗೆ ಹುಡುಗ ಲಂಡನ್ನಿನ ಕಚೇರಿಯಲ್ಲಿ ‘ಮಿಸ್ಟರ್ ಶಿವಮೊಗ್ಗ’ ಆಗಿ ಕೂರುತ್ತಾನೆ! ಕೇಳಲು ತಮಾಷೆ, ಆದರೆ ಎಲ್ಲ ದಾಖಲೆಗಳಲ್ಲೂ ಒಂದೇ ಹೆಸರಿರಬೇಕೆಂದು ಅಲ್ಲಿಯ ಅಧಿಕಾರಿಗಳು ಬಯಸುತ್ತಾರೆ. ಊರಿನ ಹೆಸರೂ ಎರಡು ಬಗೆ. ಇಂಗ್ಲಿಷಿನಲ್ಲಿ ‘ಶಿಮೋಗ’ ಎಂದಿದ್ದುದು ಅಧಿಕೃತವಾಗಿ ‘ಶಿವಮೊಗ್ಗ’ ಆದದ್ದು 2014ರ ನವೆಂಬರ್ 1ರಂದು. ಹಳೆಯ ಪಾಸ್‌ಪೋರ್ಟಿನಲ್ಲಿ ಹುಟ್ಟೂರು ಒಂದು ಥರ, ಹೊಸದರಲ್ಲಿ ಇನ್ನೊಂದು ಥರ ಇದ್ದರೆ ಗಾಬರಿ ಬೇಡ. ಚಾಲ್ತಿಯಲ್ಲಿರುವ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಎಲ್ಲ ಕಡೆ ಬರೆಯಬೇಕು. ಸಂಗಾತಿಯ ವೀಸಾ, ಮಗುವಿನ ನೋಂದಣಿ ಮುಂತಾಗಿ ಒಂದಲ್ಲ ಒಂದು ಹೆಜ್ಜೆಯಲ್ಲಿ ಜನನ ಪತ್ರವೋ ಮದುವೆಯ ನೋಂದಣಿ ಪತ್ರವೋ ಬೇಕಾಗುತ್ತದೆ. ಕನ್ನಡದಲ್ಲಿದ್ದರೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದವೂ ಬೇಕು. ಇವನ್ನು ಸರಿಪಡಿಸಲು ಮಗ ಹೊರಡುವ ಮೊದಲಿನ ಬೇಸಿಗೆ ರಜೆಯೇ ಸರಿಯಾದ ಕಾಲ. ಅವನು ಹೋದ ಮೇಲೆ ನಗರಪಾಲಿಕೆಯ ಸಾಲಿನಲ್ಲಿ ನಿಲ್ಲುವವರು ಅರವತ್ತು ದಾಟಿದ ಅಪ್ಪ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರಿಟನ್ನಿನ ಇತಿಹಾಸ, ಆಡಳಿತ, ಜೀವನದ ಮೇಲೆ 24 ಪ್ರಶ್ನೆ, 45 ನಿಮಿಷ, 18 ಸರಿಯಾದರೆ ಪಾಸು. ನಮ್ಮ ಮಕ್ಕಳು ಇದಕ್ಕಿಂತ ಕಠಿಣವಾದ ಸಿಇಟಿ ಬರೆದವರು. ಸಾಕ್ಷಿದಾರರು ಇಬ್ಬರು ಬೇಕು, ಮೂರು ವರ್ಷದಿಂದ ಪರಿಚಿತರು, ಸಂಬಂಧಿಕರಲ್ಲದವರು, ಒಬ್ಬರಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇರಬೇಕು. ಅಲ್ಲಿಯ ಕನ್ನಡ ಬಳಗದಂಥ ಕೂಟಗಳಿಗೆ ಹೋಗಿಬರುವವರಿಗೆ ಇದು ತೊಡಕಾಗಲಾರದು. ನಡತೆಯನ್ನೂ ನೋಡುತ್ತಾರೆ; ಕಟ್ಟದ ತೆರಿಗೆ, ಗಾಡಿ ಓಡಿಸುವಾಗಿನ ಅಪರಾಧ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2025ರ ಏಪ್ರಿಲ್‌ನಲ್ಲಿ ನಿಗದಿಯಾದ ದರದಂತೆ ಖಾಯಂ ವಾಸಕ್ಕೆ 3,029 ಪೌಂಡ್, ಪೌರತ್ವಕ್ಕೆ ಸಮಾರಂಭದ ಶುಲ್ಕವೂ ಸೇರಿ 1,735 ಪೌಂಡ್. ಏಪ್ರಿಲ್ ಬಂತೆಂದರೆ ಈ ದರಗಳು ಏರುವುದು ವಾಡಿಕೆ. ಅರ್ಜಿ ತಿರಸ್ಕೃತವಾದರೆ ಪೌರತ್ವದ ಶುಲ್ಕ ವಾಪಸಿಲ್ಲ.

ಪ್ರಮಾಣದ ದಿನ

ಒಪ್ಪಿಗೆ ಬಂದ ಮೇಲೆ ಮೂರು ತಿಂಗಳೊಳಗೆ ಸಮಾರಂಭವೊಂದರಲ್ಲಿ ಪ್ರಮಾಣ ಮಾಡಬೇಕು. 2004ರಲ್ಲಿ ಲಂಡನ್ನಿನ ಬ್ರೆಂಟ್‌ನಲ್ಲಿ ಆರಂಭವಾದ ಪದ್ಧತಿ ಇದು. ರಾಜ ಮೂರನೇ ಚಾರ್ಲ್ಸ್‌ಗೂ ಅವನ ಉತ್ತರಾಧಿಕಾರಿಗಳಿಗೂ ನಿಷ್ಠನಾಗಿರುತ್ತೇನೆಂದು ಹೇಳಬೇಕು. 1942ರಲ್ಲಿ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡ ಜಿಲ್ಲೆಯ ಹುಡುಗನ ಬಾಯಲ್ಲಿ ಈ ಮಾತು ಹೇಗೆ ಬರುತ್ತದೋ, ಅದು ಅವನವನ ಮನಸ್ಸಿಗೆ ಬಿಟ್ಟದ್ದು.

ಆದರೆ ಮನಸ್ಸಿಗೆ ಬಿಡದ ಒಂದು ಸಂಗತಿ ಅದೇ ದಿನ ನಡೆಯುತ್ತದೆ. ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕ್ಷಣದಲ್ಲೇ ಭಾರತದ ಪೌರತ್ವ ಮುಗಿಯಿತು. ಯಾರೂ ಪತ್ರ ಕಳಿಸುವುದಿಲ್ಲ, ಯಾರ ಸಹಿಯೂ ಬೇಕಿಲ್ಲ. ಹಳೆಯ ಪಾಸ್‌ಪೋರ್ಟಿನಲ್ಲಿ ಇನ್ನೂ ಐದು ವರ್ಷ ಬಾಕಿ ಇದ್ದರೂ ಅದರಲ್ಲಿ ಪ್ರಯಾಣ ಮಾಡುವುದು ಅಪರಾಧ. ಅದನ್ನು ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು, ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಬೇಕು, ಆಮೇಲೆ ಭಾರತಕ್ಕೆ ಬರಲು ವೀಸಾ ಅಥವಾ ಸಾಗರೋತ್ತರ ಭಾರತೀಯರ ಓಸಿಐ ಕಾರ್ಡು. ಇದಕ್ಕೆಲ್ಲ ವಾರಗಳೇ ಹಿಡಿಯುತ್ತವೆ. ಆ ವಾರಗಳಲ್ಲಿ ಮಗನ ಕೈಯಲ್ಲಿ ಊರಿಗೆ ಬರುವ ಯಾವ ಕಾಗದವೂ ಇರುವುದಿಲ್ಲ. ತಂದೆ ತಾಯಿಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ, ಮನೆಯಲ್ಲಿ ಮದುವೆಯಿದ್ದರೆ, ಅದನ್ನು ಮುಗಿಸಿಕೊಂಡು ಹೋಗಿ ಪ್ರಮಾಣ ಮಾಡುವುದು ಜಾಣತನ. ಸಮಾರಂಭದ ದಿನವನ್ನು ಮೂರು ತಿಂಗಳೊಳಗೆ ಆರಿಸಿಕೊಳ್ಳಲು ಅವಕಾಶವಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಅಲ್ಲಿ ಹುಟ್ಟಿದ ಮಗು ತಾನಾಗಿಯೇ ಬ್ರಿಟಿಷ್ ಎಂದು ಅಜ್ಜಿಯರು ಸಿಹಿ ಹಂಚುವುದುಂಟು. 1983ರಿಂದ ಹಾಗಿಲ್ಲ. ಹುಟ್ಟುವಾಗ ತಂದೆ ತಾಯಿಯಲ್ಲಿ ಒಬ್ಬರಾದರೂ ಅಲ್ಲಿಯ ಪೌರರೋ ಖಾಯಂ ವಾಸಿಗಳೋ ಆಗಿರಬೇಕು. ಇಲ್ಲವಾದರೆ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಮಗುವಿನ ಜನನ ನೋಂದಾಯಿಸಿ ಭಾರತೀಯ ಪೌರತ್ವ ಉಳಿಸಿಕೊಳ್ಳಬೇಕು.

ಓಸಿಐ ಕಾರ್ಡು ಜೀವನಪೂರ್ತಿ ಬಂದುಹೋಗಲು ಸಾಕು. ಆದರೆ ಅದು ಎರಡನೆಯ ಪೌರತ್ವವಲ್ಲ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಮೊಮ್ಮಗಳು ಮುಂದೆ ಇಲ್ಲಿ ಮೆಡಿಕಲ್ ಓದುವುದಾದರೆ ಅನಿವಾಸಿ ಭಾರತೀಯರ ಸೀಟುಗಳಿಗಷ್ಟೇ ಅರ್ಹಳು. 2021ರ ಮಾರ್ಚ್ 4ರ ಅಧಿಸೂಚನೆ ಹೀಗೆ ಮಾಡಿತು, ಅದು ಮುಂದಿನವರಿಗೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ತೀರ್ಥಹಳ್ಳಿ ಕಡೆ ತೋಟವಿದ್ದು ಶಿವಮೊಗ್ಗದಲ್ಲಿ ಮನೆ ಮಾಡಿರುವವರು ಗಮನಿಸಬೇಕಾದದ್ದು ಇನ್ನೊಂದು. ತಂದೆಯ ಅಡಿಕೆ ತೋಟ ಮಗನಿಗೆ ಉತ್ತರಾಧಿಕಾರವಾಗಿ ಬರಲು ಅಡ್ಡಿಯಿಲ್ಲ. ಪಕ್ಕದ ಅರ್ಧ ಎಕರೆ ಮಾರಾಟಕ್ಕೆ ಬಂದರೆ ಅವನು ಕೊಳ್ಳುವಂತಿಲ್ಲ, ತನ್ನದನ್ನು ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯ ಪೌರರಿಗಷ್ಟೇ ಮಾರಬಹುದು.

ಎಲ್ಲಕ್ಕಿಂತ ಹೆಚ್ಚಾಗಿ ತಂದೆ ತಾಯಂದಿರು ನೆಚ್ಚಿಕೊಂಡಿರುವುದು, ಮಗ ಬ್ರಿಟಿಷನಾದರೆ ಮುಪ್ಪಿನಲ್ಲಿ ತಮ್ಮನ್ನೂ ಕರೆಸಿಕೊಳ್ಳುತ್ತಾನೆ ಎಂಬುದನ್ನು. ಆ ಬಾಗಿಲು 2012ರ ಜುಲೈನಿಂದ ಬಹುತೇಕ ಮುಚ್ಚಿದೆ. ಕರೆಸಿಕೊಳ್ಳಬೇಕಾದರೆ ತಂದೆಗೋ ತಾಯಿಗೋ ನಿತ್ಯದ ಕೆಲಸಗಳಿಗೂ ಇನ್ನೊಬ್ಬರ ಆಸರೆ ಬೇಕಾಗುವ ಸ್ಥಿತಿ ಬಂದಿರಬೇಕು. ಅಂಥ ಆರೈಕೆ, ಮಗ ಹಣ ಕಳಿಸಿದರೂ, ಭಾರತದಲ್ಲಿ ಸಿಗುವುದಿಲ್ಲ ಎಂದು ರುಜುವಾತು ಮಾಡಬೇಕು. ಮಣಿಪಾಲದ ಆಸ್ಪತ್ರೆ ನಾಲ್ಕು ಗಂಟೆಯ ದಾರಿಯಲ್ಲಿರುವ ಶಿವಮೊಗ್ಗದಿಂದ ಹಾಗೆ ರುಜುವಾತು ಮಾಡುವುದು ಹೇಗೆ? ಉಳಿಯುವುದು ಭೇಟಿಯ ವೀಸಾ. ಎರಡು, ಐದು, ಹತ್ತು ವರ್ಷದ್ದೂ ಸಿಗುತ್ತದೆ. ಆದರೆ ಒಂದು ಸಲಕ್ಕೆ ಆರು ತಿಂಗಳು ಮಾತ್ರ ಇರಬಹುದು, ಅಲ್ಲಿಯೇ ನೆಲೆಸಿದಂತೆ ಮೇಲಿಂದ ಮೇಲೆ ಹೋಗಿ ಕೂರುವಂತಿಲ್ಲ. ಮಗ ಅರ್ಜಿ ಹಾಕುವ ಮೊದಲು ಮನೆಯಲ್ಲಿ ಎಲ್ಲರೂ ಕೂತು ಮಾತಾಡಬೇಕಾದದ್ದು ಈ ಆರು ತಿಂಗಳ ಬಗ್ಗೆ, ಮತ್ತು ವರ್ಷದ ಉಳಿದ ಆರು ತಿಂಗಳು ಯಾರ ಜೊತೆ ಇರುವುದೆಂಬುದರ ಬಗ್ಗೆ.