ಎದೆಯ ದನಿಯನ್ನು ಕೇಳುವ ನಳಿಗೆ

ಮನೆಯಲ್ಲಿ ಯಾರಾದರೂ ಜ್ವರದಿಂದ ಮಲಗಿದಾಗ ವೈದ್ಯರು ಬರುತ್ತಾರೆ, ನಾಡಿಯನ್ನು ನೋಡುತ್ತಾರೆ, ಬಳಿಕ ಸ್ಟೆತಾಸ್ಕೋಪನ್ನು ರೋಗಿಯ ಎದೆಗೂ ಬೆನ್ನಿಗೂ ಇಟ್ಟು ಕಿವಿಗೊಟ್ಟು ಕೇಳುತ್ತಾರೆ. ಆ ಒಂದೆರಡು ನಿಮಿಷ ಮನೆಯವರೆಲ್ಲರೂ ಉಸಿರು ಬಿಗಿಹಿಡಿದು ವೈದ್ಯರ ಮುಖವನ್ನೇ ನೋಡುತ್ತಿರುವುದುಂಟು. ಅವರಿಗೆ ಕೇಳಿಸುವುದೇನು? ಈ ನಳಿಗೆಯನ್ನು ಮೊದಲು ಕಂಡುಹಿಡಿದವರಾರು? ಗೃಹಸ್ಥರಾದವರು ಇದನ್ನು ಅರಿತಿರುವುದು ಲೇಸು.

ಇನ್ನೂರೈವತ್ತು ವರ್ಷಗಳ ಹಿಂದೆ ಯೂರೋಪಿನ ವೈದ್ಯರಿಗೆ ಬದುಕಿರುವ ಮನುಷ್ಯನ ಎದೆಯು ಬೀಗ ಹಾಕಿದ ಪೆಟ್ಟಿಗೆಯಂತಿತ್ತು. ಒಳಗೆ ಯಾವ ಅಂಗ ಕೆಟ್ಟಿದೆಯೆಂಬುದು ಅನೇಕ ವೇಳೆ ರೋಗಿಯು ಸತ್ತು, ದೇಹವನ್ನು ಕೊಯ್ದು ನೋಡಿದ ಮೇಲೆಯೇ ತಿಳಿಯುತ್ತಿತ್ತು. ತುಂಬಿದ ಕೊಡದ ದನಿಗೂ ಬರಿಗೊಡದ ದನಿಗೂ ಭೇದವುಂಟಷ್ಟೆ? ಹಾಗೆಯೇ ಎದೆಯನ್ನು ಬೆರಳಿನಿಂದ ತಟ್ಟಿ ರೋಗವನ್ನು ಗುರುತಿಸಬಹುದೆಂದು ಆಸ್ಟ್ರಿಯಾದ ಔಯೆನ್‌ಬ್ರುಗ್ಗರ್ ಎಂಬ ವೈದ್ಯನು ೧೭೬೧ರಲ್ಲಿ ಬರೆದನು. ಬಹುಕಾಲ ಅದನ್ನು ಹೆಚ್ಚು ಮಂದಿ ಗಮನಿಸಲಿಲ್ಲ. ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುವ ಪದ್ಧತಿಯು ಪ್ರಾಚೀನ ಗ್ರೀಕರಿಗೂ ತಿಳಿದಿತ್ತಾದರೂ ಅದಕ್ಕೆ ಸಂಕೋಚವೇ ಮೊದಲಾದ ಅಡ್ಡಿಗಳಿದ್ದವು.

ಈ ಬೀಗವನ್ನು ತೆರೆದವನು ಫ್ರಾನ್ಸ್ ದೇಶದ ರೆನೆ ಲೆನೆಕ್. ೧೭೮೧ರಲ್ಲಿ ಬ್ರಿಟನಿ ಪ್ರಾಂತದ ಕೆಂಪೇರ್ ಎಂಬ ಊರಿನಲ್ಲಿ ಹುಟ್ಟಿದ ಈತನು ಐದನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡನು. ವೈದ್ಯನಾಗಿದ್ದ ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದನು. ೧೮೧೬ರಲ್ಲಿ ಪ್ಯಾರಿಸಿನ ನೆಕೇರ್ ಆಸ್ಪತ್ರೆಯ ವೈದ್ಯನಾದನು. ಅದೇ ವರ್ಷ ಹೃದ್ರೋಗದ ಲಕ್ಷಣಗಳಿದ್ದ ತರುಣಿಯೊಬ್ಬಳು ಆತನ ಬಳಿಗೆ ಬಂದಳು. ಆಕೆಯ ಮೈ ಸ್ಥೂಲವಾಗಿದ್ದುದರಿಂದ ತಟ್ಟಿ ನೋಡಿ ಪ್ರಯೋಜನವಾಗಲಿಲ್ಲ. ಎದೆಗೆ ಕಿವಿಯಿಡುವುದು ಉಚಿತವೆಂದೂ ತೋರಲಿಲ್ಲ. ಆಗ, ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಆ ಸದ್ದು ಸ್ಪಷ್ಟವಾಗಿ ಕೇಳಿಸುವುದೆಂಬ ಸಂಗತಿಯು ಆತನ ನೆನಪಿಗೆ ಬಂದಿತು. ಒಡನೆಯೇ ಕಾಗದಗಳನ್ನು ಬಿಗಿಯಾಗಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಗೂ ಮತ್ತೊಂದನ್ನು ತನ್ನ ಕಿವಿಗೂ ಇಟ್ಟನು. ಹೃದಯದ ಬಡಿತವು ಬರಿಯ ಕಿವಿಗೆ ಎಂದೂ ಕೇಳಿರದಷ್ಟು ನಿಚ್ಚಳವಾಗಿ ಕೇಳಿಸಿತು!

ಲೆನೆಕನು ಅಷ್ಟಕ್ಕೆ ತೃಪ್ತನಾಗಲಿಲ್ಲ. ಸುಮಾರು ಒಂದು ಅಡಿ ಉದ್ದದ ಮರದ ಕೊಳವೆಯನ್ನು ತಾನೇ ಕಡೆದು ಸಿದ್ಧಪಡಿಸಿದನು. ಮೂರು ವರ್ಷಗಳ ಕಾಲ ರೋಗಿಗಳ ಎದೆಯಲ್ಲಿ ಕೇಳಿದ ದನಿಗಳನ್ನು ಬರೆದಿಟ್ಟು, ಅವರಲ್ಲಿ ಸತ್ತವರ ದೇಹದಲ್ಲಿ ಕಂಡ ವಿಕಾರಗಳೊಡನೆ ಹೋಲಿಸಿ ನೋಡಿದನು. ನ್ಯುಮೋನಿಯಾ ಹಿಡಿದ ಶ್ವಾಸಕೋಶದ ಸದ್ದನ್ನು, ಕಾದ ಪಾತ್ರೆಯಲ್ಲಿ ಉಪ್ಪು ಚಟಪಟಿಸುವ ಸದ್ದಿಗೆ ಹೋಲಿಸಿದನು. ೧೮೧೯ರಲ್ಲಿ ಈ ಪರಿಶ್ರಮದ ಫಲವು ಗ್ರಂಥರೂಪವಾಗಿ ಪ್ರಕಟವಾಯಿತು. ‘ಎದೆ’, ‘ನೋಡು’ ಎಂಬರ್ಥದ ಎರಡು ಗ್ರೀಕ್ ಪದಗಳಿಂದ ಸ್ಟೆತಾಸ್ಕೋಪೆಂಬ ಹೆಸರು ಹುಟ್ಟಿತು.

ಆದರೆ ವಿಧಿಯ ವಿಲಾಸವನ್ನು ನೋಡಿರಿ. ಕ್ಷಯರೋಗದ ದನಿಗಳನ್ನು ಜಗತ್ತಿಗೆ ತಿಳಿಸಿಕೊಟ್ಟ ಆತನಿಗೇ ಕ್ಷಯವು ತಗುಲಿತು. ೧೮೨೬ರಲ್ಲಿ ಬಂಧುವೂ ವೈದ್ಯನೂ ಆದ ಮೇರಿಯಾದೆಕನು ಅದೇ ನಳಿಗೆಯಿಂದ ಆತನ ಎದೆಯನ್ನು ಪರೀಕ್ಷಿಸಿದನು; ಕೇಳಿಸಿದುದರ ಅರ್ಥವು ಇಬ್ಬರಿಗೂ ತಿಳಿದಿತ್ತು. ಅದೇ ಆಗಸ್ಟ್ ೧೩ರಂದು, ನಾಲ್ವತ್ತೈದನೆಯ ವಯಸ್ಸಿನಲ್ಲಿ, ಲೆನೆಕನು ತೀರಿಕೊಂಡನು. ರೋಗವನ್ನು ಅರಿಯುವ ಸಾಧನವು ದೊರೆತಿತ್ತು, ಔಷಧವು ದೊರೆತಿರಲಿಲ್ಲ. ಕ್ಷಯವನ್ನು ಗೆಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ದೊರೆತುದು ೧೯೪೩ರಲ್ಲಿ.

ಎರಡು ಕಿವಿಗಳಿಂದಲೂ ಕೇಳುವ ಸ್ಟೆತಾಸ್ಕೋಪು ೧೮೫೦ರ ಅನಂತರ ಬಳಕೆಗೆ ಬಂದಿತು. ಎದೆಗೆ ಇಡುವ ಬಿಲ್ಲೆಯಲ್ಲಿರುವ ತೆಳುವಾದ ಪೊರೆಯು ಎತ್ತರದ ಸ್ವರಗಳನ್ನೂ, ಗಂಟೆಯಾಕಾರದ ಭಾಗವು ತಗ್ಗಿನ ಸ್ವರಗಳನ್ನೂ ಚೆನ್ನಾಗಿ ತಿಳಿಸುತ್ತವೆ. ಹೃದಯದ ‘ಲಬ್–ಡಬ್’ ಎಂಬ ದನಿಯು ಅದರ ಕವಾಟಗಳು ಮುಚ್ಚಿಕೊಳ್ಳುವಾಗ ಉಂಟಾಗತಕ್ಕದ್ದು. ಕವಾಟವು ಕಿರಿದಾದರೆ ಅಥವಾ ಸೋರಿದರೆ ನೆತ್ತರು ಹರಿಯುವ ಮರ್ಮರಶಬ್ದವು ಅದರೊಡನೆ ಬೆರೆಯಬಹುದು. ರಕ್ತದ ಒತ್ತಡವನ್ನು ಈ ಸಾಧನದ ನೆರವಿನಿಂದ ಅಳೆಯುವ ಕ್ರಮವನ್ನು ೧೯೦೫ರಲ್ಲಿ ರಷ್ಯಾದ ಕೊರೊಟ್ಕಾಫನು ತಿಳಿಸಿದನು. ತೋಳಿಗೆ ಸುತ್ತಿದ ಪಟ್ಟಿಯನ್ನು ಸಡಿಲಿಸುತ್ತ ಬಂದಂತೆ ಮೊದಲು ಕೇಳಿಸುವ ಬಡಿತವು ಮೇಲಿನ ಅಂಕೆಯನ್ನೂ, ಬಡಿತವು ಅಡಗುವ ಗಳಿಗೆಯು ಕೆಳಗಿನ ಅಂಕೆಯನ್ನೂ ಸೂಚಿಸುತ್ತವೆ.

ಈಗ ಎಕ್ಸ್‌ರೇ, ಎಕೋ ಮೊದಲಾದ ಪರೀಕ್ಷೆಗಳಿವೆ. ಸ್ಟೆತಾಸ್ಕೋಪೊಂದರಿಂದಲೇ ಎಲ್ಲವೂ ತಿಳಿಯದು. ಎರಡು ವಾರ ಮೀರಿದ ಕೆಮ್ಮಿದ್ದರೆ, ಎದೆಯ ದನಿ ಸರಿಯಾಗಿದೆಯೆಂದು ಸುಮ್ಮನಿರದೆ ಕಫವನ್ನು ಪರೀಕ್ಷಿಸಿಸತಕ್ಕದ್ದು. ಆದರೆ ರೋಗಿಯ ಹಾಸಿಗೆಯ ಬಳಿ ವೈದ್ಯರಿಗೆ ಒಡನೆ ಒದಗುವ ನೆಂಟನು ಈ ನಳಿಗೆಯೇ. ಆದುದರಿಂದ ಅವರು ಎದೆಗೆ ಕಿವಿಗೊಟ್ಟಿರುವಾಗ ಮನೆಯವರು ಮಾತನ್ನು ನಿಲ್ಲಿಸಲಿ, ರೇಡಿಯೋವನ್ನು ಆರಿಸಲಿ, ರೋಗಿಯು ದಪ್ಪ ಬಟ್ಟೆಯನ್ನು ಸರಿಸಿ, ಹೇಳಿದಂತೆ ನಿಧಾನವಾಗಿ ಉಸಿರಾಡಲಿ. ಆಗ ಎದೆಯೊಳಗಿನ ಸಣ್ಣ ಸದ್ದೂ ವೈದ್ಯರ ಕಿವಿಗೆ ತಪ್ಪದೆ ಮುಟ್ಟೀತು.